ಗೇರುಬೀಜದ ಯಂತ್ರದ ಮೇಲೊಂದು ಸ್ತ್ರೀವಾದಿ ಪಿಎಚ್‌ಡಿ: ನೋಂದಣಿಯಿಂದ ವೈವಾವರೆಗೆ

ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಸ್ತ್ರೀವಾದಿ ದೃಷ್ಟಿಯಿಂದ ಅಧ್ಯಯನ ಮಾಡಬೇಕೆಂದು ಹೊರಟ ನನ್ನ ಪಿಎಚ್‌ಡಿ ಕೊನೆಗೂ ಮುಗಿದಿದೆ. ವೈವಾ ಎಂಬ ಮೌಖಿಕ ಪರೀಕ್ಷೆ ಮಂಗಳೂರಿನಲ್ಲಿ ನಡೆದು, ಪದವಿಯ ಅಧಿಸೂಚನೆ ಈ ತಿಂಗಳ ಆರಂಭದಲ್ಲಿ ಕೈಸೇರಿತು. ಕರಾವಳಿಯ ಗೇರುಬೀಜ ಕಾರ್ಖಾನೆಗಳಿಗೆ ಬೀಜ ಕತ್ತರಿಸುವ ಸ್ವಯಂಚಾಲಿತ ಯಂತ್ರಗಳು ಬಂದಾಗ, ಅಲ್ಲಿ ತಾಯಿಯಿಂದ ಮಗಳಿಗೆ ಎಂಬಂತೆ ದುಡಿಯುತ್ತ ಬಂದ ಹೆಂಗಸರ ಕೈಯಲ್ಲಿದ್ದ ತಿಳಿವಳಿಕೆ ಎಲ್ಲಿಗೆ ಹೋಯಿತು ಎಂಬುದು ನನ್ನ ಪ್ರಶ್ನೆಯಾಗಿತ್ತು. ಇಂಥ ವಿಷಯ ಹಿಡಿದು ಹೊರಡುವವರಿಗೆ ನಮ್ಮ ಕಡೆ ದಾರಿ ಹೇಳುವವರು ಕಡಿಮೆ. ಅರ್ಜಿ ಎಲ್ಲಿ ಹಾಕಬೇಕು ಎಂಬಲ್ಲಿಂದಲೇ ಗೊಂದಲ ಶುರುವಾಗುತ್ತದೆ. ನಾನು ಉಡುಪಿಯ ಪದವಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುವವಳು, ಬಿಎಸ್ಸಿ ಓದಿ ಆಮೇಲೆ ಎಂಎಗೆ ಈ ಕಡೆ ತಿರುಗಿದವಳು. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಕೆಲಸದಲ್ಲಿದ್ದುಕೊಂಡೇ ಅರೆಕಾಲಿಕವಾಗಿ ಪಿಎಚ್‌ಡಿ ಮಾಡಿದವಳ ಅನುಭವ. ಪೂರ್ಣಾವಧಿ ಸಂಶೋಧಕರಿಗೆ ಇದರಲ್ಲಿ ಕೆಲವು ಸಂಗತಿ ಅನ್ವಯಿಸದೆ ಇರಬಹುದು.

ಮೊದಲ ತೊಡಕು, ವಿಷಯವನ್ನು ಯಾವ ವಿಭಾಗದ ಬಾಗಿಲಿಗೆ ಒಯ್ಯಬೇಕು ಎಂಬುದಾಗಿತ್ತು. ಯಂತ್ರದ ವಿಚಾರವಾದ್ದರಿಂದ ಎಂಜಿನಿಯರಿಂಗ್‌ನವರನ್ನು ಕೇಳಿ ಎಂದು ಒಬ್ಬರು, ಹೆಂಗಸರ ವಿಚಾರವಾದ್ದರಿಂದ ಮಹಿಳಾ ಅಧ್ಯಯನಕ್ಕೆ ಹೋಗಿ ಎಂದು ಇನ್ನೊಬ್ಬರು, ಕಾರ್ಮಿಕರ ವಿಚಾರವಾದ್ದರಿಂದ ಸಮಾಜಕಾರ್ಯ ಸರಿ ಎಂದು ಮತ್ತೊಬ್ಬರು ಹೇಳಿದರು. ಕೊನೆಗೆ ಸಮಾಜಶಾಸ್ತ್ರದಲ್ಲೇ ನೋಂದಾಯಿಸಿಕೊಳ್ಳಲು ಒಂದು ವ್ಯಾವಹಾರಿಕ ಕಾರಣವಿತ್ತು. ನಿಮ್ಮ ಸ್ನಾತಕೋತ್ತರ ಪದವಿ ಯಾವ ವಿಷಯದಲ್ಲಿದೆಯೋ ಅದೇ ವಿಷಯದಲ್ಲಿ ನೋಂದಾಯಿಸಿಕೊಂಡರೆ ಅರ್ಹತೆಯ ಪ್ರಶ್ನೆ ಏಳುವುದಿಲ್ಲ, ಮುಂದೆ ಬಡ್ತಿಯ ಕಡತದಲ್ಲೂ ಯಾರೂ ಕೊಂಕು ತೆಗೆಯುವುದಿಲ್ಲ. ಅಂತರಶಿಸ್ತೀಯ ಅಧ್ಯಯನ ಎಂದು ಸಭೆಗಳಲ್ಲಿ ಎಷ್ಟೇ ಹೊಗಳಿದರೂ ಗುಮಾಸ್ತರ ಮೇಜಿನ ಮೇಲಿರುವ ಅರ್ಜಿಯಲ್ಲಿ ವಿಷಯ ಬರೆಯುವ ಚೌಕ ಒಂದೇ ಇರುತ್ತದೆ. ಗೈಡ್ ಆಗಿ ಸಿಕ್ಕವರು ಈ ಕ್ಷೇತ್ರದವರಲ್ಲ. ಕೃಷಿ ಸಮಾಜಶಾಸ್ತ್ರದಲ್ಲಿ ಪಳಗಿದವರು. ಆದರೆ ಬರೆದು ಕೊಟ್ಟದ್ದನ್ನು ಸಾಲು ಸಾಲಾಗಿ ಓದುವವರು. ಕ್ಷೇತ್ರ ಬಲ್ಲ, ಆದರೆ ಓದದ ಗೈಡಿಗಿಂತ ಇವರೇ ಮೇಲು ಎಂದು ಇಂದಿಗೂ ನನಗನ್ನಿಸುತ್ತದೆ.

ಅರೆಕಾಲಿಕ ಪಿಎಚ್‌ಡಿಗೆ ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಬೇಕೇ ಬೇಕು. ಅದರಲ್ಲಿ ಸಂಶೋಧನೆಗೆ ಸಮಯ ಕೊಡುತ್ತೇವೆ, ಅಗತ್ಯವಿದ್ದರೆ ಕೋರ್ಸ್‌ವರ್ಕ್‌ಗಾಗಿ ಕರ್ತವ್ಯದಿಂದ ಬಿಡುಗಡೆ ಮಾಡುತ್ತೇವೆ ಎಂಬ ಒಕ್ಕಣೆ ಇರಬೇಕು. ನನ್ನ ಮೊದಲ ಪತ್ರದಲ್ಲಿ ‘ಅಭ್ಯಂತರವಿಲ್ಲ’ ಎಂದಷ್ಟೇ ಇದ್ದುದರಿಂದ ಕಚೇರಿಯವರು ಅದನ್ನು ಹಿಂತಿರುಗಿಸಿದರು. ಆಡಳಿತ ಮಂಡಳಿಯ ಮುಂದಿನ ಸಭೆಯವರೆಗೆ ಕಾಯುವುದೆಂದರೆ ಒಂದು ಇಡೀ ಮಳೆಗಾಲ. ವಿಶ್ವವಿದ್ಯಾನಿಲಯದ ನಮೂನೆಯನ್ನು ಮೊದಲೇ ತಂದು ಅದರಂತೆಯೇ ಪತ್ರ ಟೈಪ್ ಮಾಡಿಸಿಕೊಳ್ಳುವುದು ಒಳ್ಳೆಯದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್‌ಡಿ ನಿಯಮಾವಳಿಯನ್ನೂ ಮೊದಲ ದಿನವೇ ಓದಿಕೊಳ್ಳಿ. ಅದರ ಪ್ರಕಾರ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ 2 ವರ್ಷ, ಮಹಿಳೆಯರಿಗೂ ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಮತ್ತೆ 2 ವರ್ಷ ವಿನಾಯಿತಿ ಸಿಗಬಹುದು. ಮಹಿಳಾ ಸಂಶೋಧಕರಿಗೆ ಇಡೀ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಗೆ ಅವಕಾಶವಿದೆ. ಮದುವೆಯ ಕಾರಣಕ್ಕೋ ಬೇರೆ ಕಾರಣಕ್ಕೋ ಊರು ಬಿಡಬೇಕಾಗಿ ಬಂದ ಮಹಿಳೆ ತನ್ನ ಸಂಶೋಧನೆಯ ದತ್ತಾಂಶವನ್ನು ಬೇರೆ ವಿಶ್ವವಿದ್ಯಾನಿಲಯಕ್ಕೆ ಒಯ್ಯಲೂ ಆ ನಿಯಮಾವಳಿಯಲ್ಲಿ ದಾರಿ ಇದೆ. ಶಿಶುಪಾಲನಾ ರಜೆ ಕೇಳಲು ಹೋದಾಗ ಅಂಥದ್ದೊಂದು ಇದೆ ಎಂಬುದೇ ಕೌಂಟರಿನಲ್ಲಿದ್ದವರಿಗೆ ಗೊತ್ತಿರಲಿಲ್ಲ. ರಾಜಪತ್ರದ ಆ ಪುಟದ ಮುದ್ರಿತ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಓಡಾಡಿದ್ದು ಅಂದು ಉಪಯೋಗಕ್ಕೆ ಬಂತು.

ಸಂಶೋಧನಾ ಪ್ರಸ್ತಾವವನ್ನು ಸಮಿತಿಯ ಮುಂದೆ ಮಂಡಿಸಿದ ದಿನದಿಂದ ವೈವಾದವರೆಗೂ ನನ್ನನ್ನು ಬಿಡದೆ ಹಿಂಬಾಲಿಸಿದ ಸಮಸ್ಯೆ ಒಂದೇ. ನಾನು ಯಂತ್ರದ ಬಗ್ಗೆ ಕೇಳಬೇಕೆಂದಿದ್ದೆ. ಕೂತವರೆಲ್ಲರೂ ಅದನ್ನು ಹೆಂಗಸರ ಸಮಸ್ಯೆಯ ಕಡೆಗೆ ತಿರುಗಿಸುತ್ತಿದ್ದರು. ‘ಶೀರ್ಷಿಕೆಯಲ್ಲಿ ಮಹಿಳಾ ಸಬಲೀಕರಣ ಎಂದು ಸೇರಿಸಿದರೆ ಒಪ್ಪಿಗೆ ಸುಲಭ, ಮೇಡಂ’ ಎಂದು ಸದಸ್ಯರೊಬ್ಬರು ಸಲಹೆ ಕೊಟ್ಟರು. ಇನ್ನೊಬ್ಬರು ಕೂಲಿ, ಆರೋಗ್ಯ, ಸಾಲ, ಸ್ವಸಹಾಯ ಸಂಘ ಇವುಗಳನ್ನು ಅಧ್ಯಾಯಗಳನ್ನಾಗಿ ಮಾಡಿಕೊಳ್ಳಿ ಎಂದರು. ಸಲಹೆ ಕೆಟ್ಟದ್ದೇನಲ್ಲ, ಅಂಥ ಅಧ್ಯಯನಗಳೂ ಬೇಕು. ಆದರೆ ಅಮೆರಿಕದ ತತ್ತ್ವಶಾಸ್ತ್ರಜ್ಞೆ ಸಾಂಡ್ರಾ ಹಾರ್ಡಿಂಗ್ 1986ರಲ್ಲೇ ಈ ತಿರುವನ್ನು ಗುರುತಿಸಿದ್ದರು: ವಿಜ್ಞಾನದಲ್ಲಿ ಹೆಂಗಸರು ಎಷ್ಟು ಮಂದಿ, ಅವರಿಗೇನು ತೊಂದರೆ ಎಂದು ಕೇಳುವುದು ಒಂದು, ಹೆಂಗಸರನ್ನು ಹೊರಗಿಟ್ಟು ಬೆಳೆದ ವಿಜ್ಞಾನದ ಒಳಗಡೆಯೇ, ಅದರ ಪ್ರಶ್ನೆಗಳಲ್ಲೂ ಅಳತೆಗೋಲುಗಳಲ್ಲೂ ಏನಾಗಿದೆ ಎಂದು ಕೇಳುವುದು ಇನ್ನೊಂದು. ಮೊದಲನೆಯದನ್ನು ಕೇಳಿದರೆ ಎಲ್ಲರೂ ತಲೆದೂಗುತ್ತಾರೆ, ಎರಡನೆಯದಕ್ಕೆ ಬಂದರೆ ಹುಬ್ಬೇರಿಸುತ್ತಾರೆ. ಶೀರ್ಷಿಕೆಯನ್ನು ಬದಲಾಯಿಸಲು ನಾನು ಒಪ್ಪಲಿಲ್ಲ. ಪ್ರಸ್ತಾವ ಪರಿಷ್ಕರಣೆಗೆ ಮರಳಿತು, ಮುಂದಿನ ಸಭೆಯಲ್ಲಿ ಅದೇ ಶೀರ್ಷಿಕೆಯೊಂದಿಗೆ, ಆದರೆ ಗೇರು ಉದ್ಯಮದ ವಿವರ ಹೆಚ್ಚಿಸಿ ಒಪ್ಪಿಗೆ ಪಡೆಯಿತು. ಸ್ತ್ರೀವಾದ ಎಂಬ ಮಾತನ್ನು ಪ್ರಸ್ತಾವದ ಮೊದಲ ಪುಟದಿಂದ ತೆಗೆಯುವವರು ಹಲವರಿದ್ದಾರೆ. ತೆಗೆದರೆ ಮುಂದೆ ಪರೀಕ್ಷಕರನ್ನು ಆರಿಸುವಾಗ ನಿಮ್ಮ ಪ್ರಬಂಧ ಯಾವ ಕ್ಷೇತ್ರದ್ದೆಂದು ಯಾರಿಗೂ ತಿಳಿಯದೆ, ಸಂಬಂಧವೇ ಇಲ್ಲದವರ ಕೈಗೆ ಹೋಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್‌ಗಳದ್ದು. ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ, ಪ್ರಕಟಣೆಯ ನೀತಿಗಳೆಲ್ಲ ತರಗತಿಯಲ್ಲೇ ಸಾಗಿದವು. ನನ್ನ ಕ್ಷೇತ್ರದ ಓದು ಮಾತ್ರ ನಾನೇ ಕಟ್ಟಿಕೊಳ್ಳಬೇಕಾಯಿತು. ಭಾರತದ ಕಥೆಗಳಿಂದ ಆರಂಭಿಸಿದ್ದು ಅನುಕೂಲವಾಯಿತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದ ಕಮಲಾ ಸೊಹೋನಿಯವರನ್ನು ಹೆಣ್ಣೆಂಬ ಕಾರಣಕ್ಕೆ ಸಿ. ವಿ. ರಾಮನ್ ಮೊದಲು ನಿರಾಕರಿಸಿ, ಆಮೇಲೆ ಷರತ್ತುಗಳೊಡನೆ ಸೇರಿಸಿಕೊಂಡದ್ದು, ಅದೇ ಕಮಲಾ 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದದ್ದು ಎಲ್ಲರಿಗೂ ತಿಳಿದ ಸಂಗತಿ. ರಾಮನ್ ಅವರ ಪ್ರಯೋಗಾಲಯದಲ್ಲೇ ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ಮೇಲೆ ಕೆಲಸ ಮಾಡಿ ಪ್ರಬಂಧ ಸಲ್ಲಿಸಿದ ಅನ್ನಾ ಮಣಿಯವರಿಗೆ, ಎಂಎಸ್ಸಿ ಇಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾನಿಲಯ ಪಿಎಚ್‌ಡಿ ಕೊಡಲಿಲ್ಲ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ನಿರಾಕ್ಷೇಪಣಾ ಪತ್ರದ ಒಕ್ಕಣೆಗಾಗಿ ಮಳೆಗಾಲವೆಲ್ಲ ಕಾದಿದ್ದ ನನಗೆ ಅದು ಬಹಳ ಹತ್ತಿರದ ಸುದ್ದಿಯಾಗಿ ಕಂಡಿತು.

ನನ್ನ ಸೆಮಿನಾರಿನಲ್ಲಿ ವಿಜ್ಞಾನ ವಿಭಾಗದವರ ಹುಬ್ಬು ಸ್ವಲ್ಪ ಇಳಿದದ್ದು ಮಾನವಶಾಸ್ತ್ರಜ್ಞೆ ಎಮಿಲಿ ಮಾರ್ಟಿನ್ 1991ರಲ್ಲಿ ಬರೆದ ಲೇಖನವನ್ನು ವಿವರಿಸಿದಾಗ. ಜೀವಶಾಸ್ತ್ರದ ಪಠ್ಯಗಳು ವೀರ್ಯಾಣುವನ್ನು ಈಜಿ, ಭೇದಿಸಿ, ಗೆಲ್ಲುವ ವೀರನಂತೆಯೂ ಅಂಡಾಣುವನ್ನು ಸುಮ್ಮನೆ ಕಾದು ಕೂತವಳಂತೆಯೂ ಚಿತ್ರಿಸಿದ್ದವೆಂದೂ, ಅಂಡಾಣುವಿಗೂ ಕ್ರಿಯಾಶೀಲ ಪಾತ್ರವಿದೆಯೆಂದು ಪ್ರಯೋಗಗಳು ತೋರಿಸಿದ ಮೇಲೂ ಆ ಧಾಟಿ ಸುಲಭಕ್ಕೆ ಬದಲಾಗಲಿಲ್ಲವೆಂದೂ ಅವರು ತೋರಿಸಿದ್ದರು. ಪ್ರಾಣಿಶಾಸ್ತ್ರದ ಸಹೋದ್ಯೋಗಿಯೊಬ್ಬರು ಮರುದಿನ ಸ್ಟಾಫ್ ರೂಮಿನಲ್ಲಿ ತಮ್ಮ ಹಳೆಯ ನೋಟ್ಸ್ ತಂದು ನನ್ನ ಮುಂದಿಟ್ಟು, ‘ನಾನೂ ಹೀಗೇ ಹೇಳಿಕೊಡ್ತಾ ಇದ್ದೇನೆ ಮಾರಾಯ್ರೆ’ ಎಂದರು. ವಾದಕ್ಕಿಂತ ಒಂದು ಒಳ್ಳೆಯ ಉದಾಹರಣೆ ಹೆಚ್ಚು ಕೆಲಸ ಮಾಡುತ್ತದೆ.

ಪುಸ್ತಕಗಳದ್ದು ದೊಡ್ಡ ಖರ್ಚು. ವಿದೇಶಿ ಪ್ರಕಾಶಕರ ಒಂದೊಂದು ಪುಸ್ತಕ ಮೂರು ಸಾವಿರ ದಾಟುತ್ತದೆ. 2025ರ ಜನವರಿಯಿಂದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಲ್ಲಿ ಕೇಂದ್ರ ಮತ್ತು ರಾಜ್ಯ ಸರಕಾರಗಳ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ತೆರೆದುಕೊಂಡಿವೆ. ನಿಮ್ಮ ಕಾಲೇಜು ಅದರಲ್ಲಿಲ್ಲದಿದ್ದರೂ ನೀವು ನೋಂದಾಯಿಸಿಕೊಂಡ ವಿಶ್ವವಿದ್ಯಾನಿಲಯದ ಗ್ರಂಥಾಲಯದ ಮೂಲಕ ದೊರೆಯಬಹುದು. ಗ್ರಂಥಪಾಲಕರನ್ನು ಕೇಳಿ ಲಾಗಿನ್ ಪಡೆಯಿರಿ, ತಾವಾಗಿ ಯಾರೂ ಕೊಡುವುದಿಲ್ಲ.

ಮನುಷ್ಯರನ್ನು ಒಳಗೊಂಡ ಸಂಶೋಧನೆಗೆ ಅನುಮತಿ ಕೊಡುವ ನೈತಿಕತಾ ಸಮಿತಿಯ ವಿಚಾರಕ್ಕೆ ಬರುತ್ತೇನೆ. ಸಮಾಜವಿಜ್ಞಾನದವರಿಗೆ ಇದು ಹೊಸತು. ಗೇರುಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಅನಾಕಾರ್ಡಿಕ್ ಆಮ್ಲ, ಕಾರ್ಡಾಲ್ ಮುಂತಾದವುಗಳಿಂದಾಗಿ ಚರ್ಮವನ್ನು ಸುಡುತ್ತದೆ. ನನ್ನ ಪ್ರಶ್ನಾವಳಿಯಲ್ಲಿ ಕೈಯ ಸುಟ್ಟ ಗಾಯಗಳ ಬಗ್ಗೆಯೂ ಪ್ರಶ್ನೆಗಳಿದ್ದುದರಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಅನುಮತಿ ಬೇಕೆಂದು ನನ್ನ ಸಂಶೋಧನೆಯ ಪ್ರಗತಿ ನೋಡುವ ಸಲಹಾ ಸಮಿತಿ ಹೇಳಿತು. ಆ ಮಾರ್ಗಸೂಚಿಯಂತೆ ನೈತಿಕತಾ ಸಮಿತಿಯಲ್ಲಿ 7ರಿಂದ 15 ಸದಸ್ಯರಿರುತ್ತಾರೆ, ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು, ವೈದ್ಯರ ಜತೆಗೆ ಕಾನೂನು ತಜ್ಞರು, ಸಮಾಜವಿಜ್ಞಾನಿ, ಜನಸಾಮಾನ್ಯರ ಪ್ರತಿನಿಧಿ ಇರಬೇಕು. ನಾನು ಹೋದ ಸಮಿತಿ ಮುಖ್ಯವಾಗಿ ಔಷಧ ಪ್ರಯೋಗಗಳನ್ನೇ ನೋಡುತ್ತಿದ್ದುದರಿಂದ ಅರ್ಜಿಯಲ್ಲಿ ‘ಔಷಧದ ಪ್ರಮಾಣ’, ‘ಅಡ್ಡಪರಿಣಾಮ’ ಎಂಬ ಕಲಮುಗಳಿದ್ದವು. ಅವನ್ನು ಖಾಲಿ ಬಿಟ್ಟರೆ ಅರ್ಜಿ ಅಪೂರ್ಣವೆಂದು ಮರಳುತ್ತದೆ. ಪ್ರತಿಯೊಂದರಲ್ಲೂ ‘ಅನ್ವಯಿಸುವುದಿಲ್ಲ’ ಎಂದು ಬರೆದು ಸಹಿ ಹಾಕಬೇಕು.

ಸಮಿತಿಯ ಪ್ರಶ್ನೆಗಳು ಮಾತ್ರ ಮೌಲಿಕವಾಗಿದ್ದವು. ಒಪ್ಪಿಗೆ ಪತ್ರ ಕನ್ನಡದಲ್ಲಿದ್ದರೆ ಸಾಕೇ, ಅಲ್ಲಿನವರು ಮಾತಾಡುವುದು ತುಳುವಿನಲ್ಲಲ್ಲವೇ ಎಂದು ವಕೀಲರಾದ ಸದಸ್ಯೆ ಕೇಳಿದರು. ಓದು ಬಾರದವರಿಗೆ ವಿವರವನ್ನು ತುಳುವಿನಲ್ಲಿ ಓದಿ ಹೇಳಿ, ನಿಷ್ಪಕ್ಷಪಾತ ಸಾಕ್ಷಿಯ ಎದುರು ಹೆಬ್ಬೆಟ್ಟಿನ ಗುರುತು ಪಡೆಯುವುದೆಂದು ತೀರ್ಮಾನವಾಯಿತು. ಸಾಕ್ಷಿಯಾಗಿ ಕಾರ್ಖಾನೆಯ ಸೂಪರ್‌ವೈಸರ್ ಕೂತರೆ ಅದಕ್ಕೆ ಅರ್ಥವಿಲ್ಲ, ಆದ್ದರಿಂದ ಅಂಗನವಾಡಿ ಶಿಕ್ಷಕಿಯೊಬ್ಬರನ್ನು ಒಪ್ಪಿಸಿದೆ. ಬೀಜ ಕತ್ತರಿಸುವವರ ಕೂಲಿ ಕಿಲೋ ಲೆಕ್ಕದ್ದು. ನನ್ನೊಡನೆ ಮಾತಾಡಿದ ಅಷ್ಟು ಹೊತ್ತು ಅವರಿಗೆ ಗಳಿಕೆ ಇಲ್ಲ. ಕಳೆದುಹೋದ ಸಮಯಕ್ಕೆ ಪರಿಹಾರ ಕೊಡಲು ಮಾರ್ಗಸೂಚಿಯಲ್ಲಿ ಅವಕಾಶವಿದೆ, ಆದರೆ ಅದು ಆಮಿಷವಾಗುವಷ್ಟು ಇರಬಾರದು. ಆ ಮೊತ್ತವನ್ನು ನಿಗದಿ ಮಾಡಲು ಒಂದು ಸಭೆಯೇ ಬೇಕಾಯಿತು. ನಿಮ್ಮ ಪ್ರಸ್ತಾವದ ಬಜೆಟ್ಟಿನಲ್ಲಿ ಇದನ್ನು ಮೊದಲೇ ಸೇರಿಸಿ.

ಕಾರ್ಖಾನೆಗಳ ಪ್ರವೇಶ ಸುಲಭವಾಗಿರಲಿಲ್ಲ. ಕಾರ್ಕಳ, ಮೂಡುಬಿದಿರೆ, ಕುಂದಾಪುರ ಕಡೆಯ ಹಲವು ಮಾಲೀಕರು ಕಾರ್ಮಿಕ ಇಲಾಖೆಯ ಕಡೆಯಿಂದಲೋ ಯೂನಿಯನ್ ಕಡೆಯಿಂದಲೋ ಬಂದಿದ್ದೇನೆಂದು ಶಂಕಿಸಿ, ಚಹಾ ಕೊಟ್ಟು ಕಳಿಸಿದರು. ಯಂತ್ರಗಳ ಬಗ್ಗೆ ತಿಳಿಯಬೇಕು ಎಂದು ಹೇಳಿದಾಗ ಮಾತ್ರ ಅವರ ಮುಖ ಅರಳುತ್ತಿತ್ತು. ಹೊಸ ಯಂತ್ರಕ್ಕೆ ಎಷ್ಟು ಸಾಲ ಮಾಡಿದ್ದೇವೆ ಎಂಬಲ್ಲಿಂದ ಹಿಡಿದು ಎಲ್ಲವನ್ನೂ ತೋರಿಸುತ್ತಿದ್ದರು. ಸಮಿತಿಗಳಿಗೆ ಕಿರಿಕಿರಿಯಾಗಿದ್ದ ನನ್ನ ಪ್ರಶ್ನೆಯೇ ಇಲ್ಲಿ ಬಾಗಿಲು ತೆರೆಯಿತು. ಒಳಗಿನ ಹೆಂಗಸರಿಗೆ ಮಾತ್ರ ಕಾಗದದ ಭಯ. ‘ಇದಕ್ಕೆ ಸಹಿ ಹಾಕಿದರೆ ಪಿಎಫ್‌ಗೇನೂ ತೊಂದರೆ ಬರ್ಲಿಕ್ಕಿಲ್ಲ ಅಲ್ವಾ ಟೀಚರ್?’ ಎಂದು ಕೇಳದವರೇ ವಿರಳ.

ಗೇರುಬೀಜವನ್ನು ಹಬೆಯಲ್ಲಿ ಬೇಯಿಸಿ, ಆರಲು ಬಿಟ್ಟು, ಮರುದಿನ ಕತ್ತರಿಸುತ್ತಾರೆ. ಹಳೆಯ ಕಾಲ್ಯಂತ್ರದಲ್ಲಿ ಎರಡು ಅಲಗುಗಳ ನಡುವೆ ಬೀಜವನ್ನು ಅದರ ಬಾಗಿಗೆ ಸರಿಯಾಗಿ ಕೂರಿಸಿ, ಪೆಡಲ್ ಒತ್ತಿ, ಕೈಯ ಹಿಡಿಕೆಯನ್ನು ತುಸು ತಿರುಗಿಸಿದರೆ ಸಿಪ್ಪೆ ಎರಡು ಹೋಳಾಗುತ್ತದೆ. ಅಲಗು ಒಂದು ಕೂದಲೆಳೆಯಷ್ಟು ಆಳಕ್ಕಿಳಿದರೆ ತಿರುಳು ಒಡೆದು ತುಂಡಾಗಿ, ಬೆಲೆ ಇಳಿಯುತ್ತದೆ. ನಾನು ಬಹಳ ಹೊತ್ತು ಪಕ್ಕದಲ್ಲಿ ಕೂತು ನೋಡಿದ ಒಬ್ಬ ಹಿರಿಯ ಕೆಲಸಗಾರ್ತಿ, ಸುಡದಂತೆ ಬೆರಳಿಗೆ ಬೇರೆ ಎಣ್ಣೆ ಸವರಿಕೊಂಡು, ಬೀಜವನ್ನು ಎತ್ತುವಾಗಲೇ ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡುತ್ತಿದ್ದರು. ಕೆಲವನ್ನು ಅಲಗಿಗೆ ಕೊಡದೆ ಬದಿಗೆ ಹಾಕುತ್ತಿದ್ದರು. ಏಕೆಂದು ಕೇಳಿದರೆ, ಅವು ಸರಿಯಾಗಿ ಬೆಂದಿಲ್ಲ, ಈಗ ಕತ್ತರಿಸಿದರೆ ತಿರುಳಿಗೆ ಸಿಪ್ಪೆಯ ಎಣ್ಣೆ ತಾಗುತ್ತದೆ ಎಂದರು. ಆಫ್ರಿಕಾದ ಬೀಜದ ಲೋಡು ಬಂದ ದಿನ ಪೆಡಲಿನ ಒತ್ತಡವನ್ನೇ ಬೇರೆ ಮಾಡಿಕೊಳ್ಳಬೇಕಂತೆ. ಇದನ್ನೆಲ್ಲ ನಿಮಗೆ ಕಲಿಸಿದವರು ಯಾರು ಎಂದು ಕೇಳಿದ್ದಕ್ಕೆ ‘ಎಂಕ್ಲೆಗ್ ದಾದ ಗೊತ್ತುಂಡು (ನಮಗೇನು ಗೊತ್ತು) ಟೀಚರ್, ಕೈ ತಾನೇ ಕಲಿತದ್ದು’ ಎಂದು ನಕ್ಕರು. ಗ್ರೇಡಿಂಗ್ ವಿಭಾಗದ್ದು ಇನ್ನೊಂದು ಬಗೆ. ಒಂದು ಪೌಂಡಿಗೆ 220ರಿಂದ 240 ತಿರುಳು ತೂಗಿದರೆ ಅದು 240ರ ದರ್ಜೆ, 300ರಿಂದ 320 ತೂಗಿದರೆ 320ರ ದರ್ಜೆ. ಅಲ್ಲಿ ಕೂತವರು ತಕ್ಕಡಿಯ ಗೊಡವೆಗೇ ಹೋಗದೆ ಕಣ್ಣಳತೆಯಲ್ಲೇ ಬೇರ್ಪಡಿಸುತ್ತಿದ್ದರು. ಈಗ ಆ ಜಾಗದಲ್ಲಿ ಕ್ಯಾಮೆರಾ ಇರುವ ಬಣ್ಣ ವಿಂಗಡಣಾ ಯಂತ್ರ ಬಂದಿದೆ. ಅದು ಬಿಟ್ಟುಹಾಕಿದ್ದನ್ನು ಮತ್ತೆ ಆರಿಸಲು ಅವರೇ ಬೇಕು.

ನಾನು ನೋಡಿದ ಕಾರ್ಖಾನೆಗಳ ಹಾಜರಿ ಪುಸ್ತಕದಲ್ಲಿ ಸ್ವಯಂಚಾಲಿತ ಯಂತ್ರದ ಗುಂಡಿ ಒತ್ತುವ ಯುವಕ ‘ಆಪರೇಟರ್’, ಯಂತ್ರದ ಹಿಂದೆ ನಿಂತು ಕತ್ತರಿಯಾಗದ ಬೀಜಗಳನ್ನು ಬೇರ್ಪಡಿಸುವ ಹೆಂಗಸರು ‘ಹೆಲ್ಪರ್’. ಯಂತ್ರ ಸರಿಯಾಗಿ ಕೆಲಸ ಮಾಡಬೇಕಾದರೆ ಬೀಜಗಳನ್ನು ಮೊದಲು ಗಾತ್ರವಾರು ಬೇರೆ ಮಾಡಬೇಕು, ಅಲಗಿನ ಅಂತರವನ್ನು ಲೋಡಿಗೆ ತಕ್ಕಂತೆ ಹೊಂದಿಸಬೇಕು. ಅಂತರ ತಪ್ಪಿದೆ ಎಂದು ಮೊದಲು ತಿಳಿಯುವುದು ತುಂಡುಗಳನ್ನು ಕೈಯಲ್ಲಿ ಹಿಡಿದ ಹೆಲ್ಪರ್‌ಗೆ. ಅವರು ಕೂಗಿ ಹೇಳಿದ ಮೇಲೆ ಆಪರೇಟರ್ ಬಂದು ಸ್ಪ್ಯಾನರ್ ಹಿಡಿಯುತ್ತಾನೆ. ಸ್ತ್ರೀವಾದಿ ಸಂಶೋಧಕಿ ಸಿಂಥಿಯಾ ಕಾಕ್‌ಬರ್ನ್ ಬ್ರಿಟನ್ನಿನ ಮುದ್ರಣಾಲಯಗಳಲ್ಲಿ ಅಚ್ಚುಮೊಳೆ ಜೋಡಿಸುವ ಗಂಡಸರನ್ನು ಅಧ್ಯಯನ ಮಾಡಿ, ಕುಶಲತೆ ಎಂಬ ಹಣೆಪಟ್ಟಿಯನ್ನು ಯಾರು ಹೇಗೆ ಕಾಪಾಡಿಕೊಳ್ಳುತ್ತಾರೆ ಎಂಬುದನ್ನು ತೋರಿಸಿದ್ದರು. ಇನ್ನಿಬ್ಬರು ಸ್ತ್ರೀವಾದಿ ಸಂಶೋಧಕಿಯರಾದ ಡಯಾನ್ ಎಲ್ಸನ್ ಮತ್ತು ರುತ್ ಪಿಯರ್ಸನ್ 1981ರಲ್ಲಿ, ಕಾರ್ಖಾನೆಗಳು ಹೊಗಳುವ ಹೆಣ್ಣುಮಕ್ಕಳ ‘ಚುರುಕು ಬೆರಳು’ ಹುಟ್ಟಿನಿಂದ ಬಂದದ್ದಲ್ಲ, ಮನೆಯಲ್ಲಿ ಹೊಲಿಗೆಯಂಥ ಕೆಲಸಗಳಲ್ಲಿ ಪಳಗಿಸಿದ್ದು, ಆ ತರಬೇತಿ ಯಾರ ಕಣ್ಣಿಗೂ ಬೀಳದ ಕಾರಣ ಅದಕ್ಕೆ ಕೂಲಿಯೂ ಇಲ್ಲ ಎಂದು ವಾದಿಸಿದ್ದರು. ಆ ಎರಡನ್ನೂ ಆ ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟು ಓದಿದ ಮೇಲೆ ನನ್ನ ಮೂರನೆಯ ಅಧ್ಯಾಯ ತಾನಾಗಿ ರೂಪುಗೊಂಡಿತು.

ಸಲಹಾ ಸಮಿತಿಯ ಮುಂದೆ ಪ್ರತಿ ಸೆಮಿಸ್ಟರ್ ಪ್ರಗತಿ ವರದಿ ಮಂಡಿಸಬೇಕು. ಯಂತ್ರದಿಂದ ಹೆಂಗಸರ ಕಷ್ಟ ಕಡಿಮೆಯಾಯಿತಲ್ಲ, ಅದನ್ನು ಏಕೆ ಬರೆಯುವುದಿಲ್ಲ ಎಂಬ ಪ್ರಶ್ನೆ ಅಲ್ಲಿ ಬಂತು. ಬರೆದಿದ್ದೇನೆ, ಕೈಗೆ ಎಣ್ಣೆ ತಾಗುವುದು ಕಡಿಮೆಯಾಗಿದೆ, ಚರ್ಮ ಸುಲಿಯುವ ದೂರೂ ಕಡಿಮೆಯಾಗಿದೆ ಎಂದು ಅವರೇ ಹೇಳಿದ್ದನ್ನು ಮರೆಮಾಚಿದರೆ ಅದು ಅಪ್ರಾಮಾಣಿಕವಾಗುತ್ತಿತ್ತು. ಆದರೆ ತಂತ್ರಜ್ಞಾನದ ಇತಿಹಾಸಕಾರ್ತಿ ರುತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಅಮೆರಿಕದ ಮನೆಗಳ ಬಗ್ಗೆ ತೋರಿಸಿದ್ದು ಇಲ್ಲಿಯೂ ಎದುರಾಯಿತು: ಬಟ್ಟೆ ಒಗೆಯುವ ಯಂತ್ರ ಬಂದಾಗ ಮೈಮುರಿಯುವ ದುಡಿತ ತಗ್ಗಿತು, ಒಗೆತದ ಪ್ರಮಾಣ ಮತ್ತು ನಿರೀಕ್ಷೆ ಏರಿತು, ಗೃಹಿಣಿಯ ಸಮಯ ಉಳಿಯಲಿಲ್ಲ. ಕಾರ್ಖಾನೆಯಲ್ಲಿ ಯಂತ್ರದ ವೇಗಕ್ಕೆ ಸರಿಯಾಗಿ ನಿಲ್ಲಬೇಕಾಗಿ ಬಂದವರು, ಕಾಲ್ಯಂತ್ರವಾದರೆ ಬೇಕಾದಾಗ ಎದ್ದು ನೀರು ಕುಡಿದು ಬರಬಹುದಿತ್ತು ಎಂದರು.

ಬರವಣಿಗೆಯ ಹಂತದಲ್ಲಿ ಕಾಡಿದ್ದು, ಇದನ್ನೆಲ್ಲ ನೋಡುತ್ತಿರುವ ನಾನು ಎಲ್ಲಿ ನಿಂತಿದ್ದೇನೆ ಎಂಬುದು. ಎಲ್ಲಿಯೂ ನಿಲ್ಲದೆ ಎಲ್ಲವನ್ನೂ ಕಾಣುವ ನೋಟವೊಂದಿದೆ ಎಂಬ ವಿಜ್ಞಾನದ ನಂಬಿಕೆಯನ್ನು ಅಮೆರಿಕದ ಸ್ತ್ರೀವಾದಿ ಚಿಂತಕಿ ಡೋನಾ ಹಾರವೇ 1988ರ ಪ್ರಬಂಧದಲ್ಲಿ ದೇವರ ಆಟವೆಂದು ಲೇವಡಿ ಮಾಡಿ, ಪ್ರತಿಯೊಂದು ಅರಿವೂ ಒಂದು ಜಾಗದಿಂದ ಹುಟ್ಟಿದ್ದು, ಆ ಜಾಗಕ್ಕೆ ಉತ್ತರದಾಯಿಯಾದದ್ದು ಎಂದಿದ್ದರು. ನಾನು ತಿಂಗಳ ಸಂಬಳದವಳು, ಕುರ್ಚಿಯಲ್ಲಿ ಕೂರಿಸಿ ಚಹಾ ಕೊಡಿಸಿಕೊಳ್ಳುವವಳು. ಇದನ್ನು ವಿಧಾನದ ಅಧ್ಯಾಯದಲ್ಲಿ ಎರಡು ಪುಟ ಬರೆದೆ. ಆ ಪುಟಗಳನ್ನು ತೆಗೆಯಿರಿ, ಪ್ರಬಂಧದಲ್ಲಿ ‘ನಾನು’ ಬರಬಾರದು ಎಂದು ಒಬ್ಬ ಸದಸ್ಯರು ಹಟ ಹಿಡಿದರು. ಗೈಡ್ ನನ್ನ ಪರ ನಿಂತುದರಿಂದ ಅವು ಉಳಿದವು.

ಪ್ರಬಂಧವನ್ನು ಕನ್ನಡದಲ್ಲಿ ಬರೆಯಲು ಪ್ರತ್ಯೇಕ ಅರ್ಜಿ ಕೊಟ್ಟು ಅನುಮತಿ ಪಡೆದಿದ್ದೆ. ಅದರ ಪರಿಣಾಮ ಕೊನೆಯಲ್ಲಿ ಕಾಣಿಸಿತು. ಕೃತಿಚೌರ್ಯ ತಪಾಸಣೆಗೆ ಯುಜಿಸಿಯ 2018ರ ನಿಯಮಗಳಿವೆ: ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ, 10ರಿಂದ 40ರ ನಡುವೆ ಇದ್ದರೆ 6 ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು, 40ರಿಂದ 60ರ ನಡುವೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಉದ್ಧರಣ, ಗ್ರಂಥಸೂಚಿ, ಪರಿವಿಡಿ, ಕೃತಜ್ಞತೆಗಳನ್ನು ಲೆಕ್ಕದಿಂದ ಬಿಡುತ್ತಾರೆ. ಆದರೆ ಟೈಪಿಂಗ್‌ನವರು ಮಾಡಿಕೊಟ್ಟದ್ದು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ತಪಾಸಣೆಯ ತಂತ್ರಾಂಶಕ್ಕೆ ಅದು ಕನ್ನಡವಾಗಿ ಕಾಣದೆ ಬರೀ ಅಕ್ಷರಗಳ ಕಲಸುಮೇಲೋಗರವಾಗಿ ಕಂಡಿತು. ಎಲ್ಲ ತಂತ್ರಾಂಶಗಳೂ ಓದಬಲ್ಲ ಯೂನಿಕೋಡ್‌ಗೆ ಪರಿವರ್ತಿಸಿದಾಗ ಅರ್ಕಾವತ್ತುಗಳು ಜಾಗ ತಪ್ಪಿದವು, ಒತ್ತಕ್ಷರಗಳು ಕಳಚಿದವು, ಕನ್ನಡ ಲಿಪಿಯಲ್ಲಿ ಬರೆದ ತುಳು ಸಂದರ್ಶನಗಳಂತೂ ಗುರುತು ಸಿಗದಂತಾದವು. ಮುನ್ನೂರು ಚಿಲ್ಲರೆ ಪುಟಗಳನ್ನು ಮತ್ತೆ ಓದಿ ತಿದ್ದಿದ್ದು ಈ ಇಡೀ ಪಯಣದಲ್ಲಿ ನನಗೆ ಅತ್ಯಂತ ಬೇಸರ ತಂದ ಕೆಲಸ. ಕನ್ನಡದಲ್ಲಿ ಬರೆಯುವವರು ಮೊದಲ ಅಧ್ಯಾಯದಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ, ಟೈಪಿಂಗ್‌ನವರು ಏನೇ ಹೇಳಲಿ.

ಸಲ್ಲಿಕೆಗೆ ಮುನ್ನ ಸಾರ್ವಜನಿಕ ಮಂಡನೆ, ಆಮೇಲೆ ಬೈಂಡಿಂಗ್ ಮಾಡಿದ ಪ್ರತಿಗಳು, ಶುಲ್ಕದ ಚಲನ್, ಗ್ರಂಥಾಲಯದ ಬಾಕಿ ಇಲ್ಲವೆಂಬ ಪತ್ರ, ಸಂಸ್ಥೆಯ ಬೋನಾಫೈಡ್, ಗೈಡಿನ ದೃಢೀಕರಣ. ಬಣ್ಣದ ಚಿತ್ರಗಳಿದ್ದುದರಿಂದ ಒಂದೊಂದು ಪ್ರತಿಗೆ 1,200 ರೂಪಾಯಿಯಷ್ಟಾಯಿತು. ಪುಸ್ತಕ, ಓಡಾಟ, ಶುಲ್ಕ, ಟೈಪಿಂಗ್, ಕಾರ್ಮಿಕರಿಗೆ ಕೊಟ್ಟ ಪರಿಹಾರ ಎಲ್ಲ ಸೇರಿ ನೋಂದಣಿಯಿಂದ ಇಲ್ಲಿಯವರೆಗೆ ಖರ್ಚು ಎರಡು ಲಕ್ಷ ದಾಟಿದೆ.

ಆಮೇಲಿನದು ಬರೀ ಕಾಯುವಿಕೆ. ಪ್ರಬಂಧವನ್ನು ವಿಶ್ವವಿದ್ಯಾನಿಲಯದ ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರು ನೋಡಬೇಕು. ಸ್ತ್ರೀವಾದಿ ವಿಜ್ಞಾನ ಅಧ್ಯಯನ ಬಲ್ಲವರಿಗೆ ಕನ್ನಡ ಬರುವುದಿಲ್ಲ, ಕನ್ನಡ ಬಲ್ಲವರಲ್ಲಿ ಈ ಕ್ಷೇತ್ರದವರು ಬೆರಳೆಣಿಕೆಯಷ್ಟು. ಒಬ್ಬರು ಒಪ್ಪಿಕೊಂಡು ಬಹಳ ಕಾಲದ ಮೇಲೆ ಅನಾರೋಗ್ಯದಿಂದಾಗಿ ಪ್ರಬಂಧವನ್ನು ಮರಳಿಸಿದರು, ಹೊಸ ಹೆಸರಿಗೆ ಕಡತ ಮತ್ತೆ ಮೇಲಕ್ಕೆ ಹೋಯಿತು. ಕಚೇರಿಗೆ ಫೋನ್ ಮಾಡಿದರೆ ‘ಗೌಪ್ಯ’ ಎಂದು ಒಂದೇ ಉತ್ತರ. ಆ ದಿನಗಳಲ್ಲಿ ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಪರಿಚಯದವರು ಸಿಕ್ಕಿ ‘ಎಲ್ಲಿಗೆ ಬಂತು ನಿಮ್ಮ ಪಿಎಚ್‌ಡಿ?’ ಎಂದು ಕೇಳಬಹುದೆಂಬ ಅಳುಕಿಗೆ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದೆ. ಕನ್ನಡದಲ್ಲಿ ಬರೆಯುವ ನಿರ್ಧಾರ ಮಾಡಿದ ದಿನವೇ ಪರೀಕ್ಷಕರಾಗಬಲ್ಲವರ ಹೆಸರುಗಳನ್ನು ಗೈಡ್ ಜತೆ ಕೂತು ಯೋಚಿಸಿಡುವುದು ಜಾಣತನ.

ವೈವಾ ಮುಕ್ತವಾಗಿರುತ್ತದೆ, ಆಸಕ್ತರು ಬರಬಹುದು. ಕಾರ್ಖಾನೆಯ ಇಬ್ಬರನ್ನು ಆಹ್ವಾನಿಸಿದ್ದೆ. ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು. ಪರೀಕ್ಷಕರ ಮೊದಲ ಪ್ರಶ್ನೆ ನಾನು ನಿರೀಕ್ಷಿಸಿದ್ದೇ: ಕೆಲಸಗಾರರು ಹೆಂಗಸರು ಎಂಬ ಮಾತ್ರಕ್ಕೆ ಈ ಅಧ್ಯಯನ ಸ್ತ್ರೀವಾದಿ ಆಗುತ್ತದೆಯೇ? ಆಪರೇಟರ್ ಕೆಲಸಕ್ಕೆ ನಾಳೆ ಹೆಂಗಸರನ್ನೇ ನೇಮಿಸಿದರೂ ನನ್ನ ಪ್ರಶ್ನೆ ಹಾಗೆಯೇ ಉಳಿಯುತ್ತದೆ, ಏಕೆಂದರೆ ಹೆಬ್ಬೆರಳಿನಿಂದ ಒತ್ತಿ ತಿಳಿಯುವುದನ್ನು ತಿಳಿವಳಿಕೆ ಎಂದು ಎಣಿಸದ ಲೆಕ್ಕದ ಪುಸ್ತಕ ಹಾಗೆಯೇ ಇರುತ್ತದೆ ಎಂದು ಉತ್ತರಿಸಿದೆ. ಹಾಗಾದರೆ ಯಂತ್ರವನ್ನು ಹೇಗೆ ಬೇರೆ ರೀತಿಯಲ್ಲಿ ವಿನ್ಯಾಸ ಮಾಡಬೇಕಿತ್ತು ಎಂದು ಇನ್ನೊಬ್ಬರು ಕೇಳಿದರು. ಅಲಗಿನ ಅಂತರ ಹೊಂದಿಸುವ ತಿರುಪನ್ನು ಹೆಲ್ಪರ್ ನಿಲ್ಲುವ ಬದಿಗೆ ಇಡುವುದರಿಂದ ಆರಂಭಿಸಬಹುದು ಎಂದೆ. ಅವರು ಅದನ್ನು ಬರೆದುಕೊಂಡರು. ಚಹಾದ ವಿರಾಮದಲ್ಲಿ ಆ ಇಬ್ಬರಲ್ಲಿ ಕಿರಿಯಾಕೆ ನನ್ನ ಬಳಿ ಬಂದು, ‘ಟೀಚರೇ, ನೀವು ಪರದೆಯ ಮೇಲೆ ತೋರಿಸಿದ ಮಿಷನ್ ಈಗ ಇಲ್ಲ, ಮೊನ್ನೆ ಬೇರೆ ಬಂದಿದೆ’ ಎಂದು ತಿಳಿಸಿದರು.

ಪದವಿಗೆ ಮುನ್ನ ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ವಿಶ್ವವಿದ್ಯಾನಿಲಯಗಳ ಗ್ರಂಥಾಲಯ ಜಾಲವಾದ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಎಂಬ ಪ್ರಬಂಧಗಳ ಅಂತರ್ಜಾಲ ಭಂಡಾರಕ್ಕೆ ಕೊಡಬೇಕು. ಅಧ್ಯಾಯಕ್ಕೊಂದರಂತೆ ಬೇರೆ ಬೇರೆ ಪಿಡಿಎಫ್ ಕೇಳುತ್ತಾರೆ. ಯಾರು ಬೇಕಾದರೂ ಓದಬಹುದಾದ ಜಾಗವಾದ್ದರಿಂದ ಕಾರ್ಖಾನೆಗಳ ಮತ್ತು ಮಾತಾಡಿದವರ ಹೆಸರು, ಊರಿನ ಸುಳಿವು, ಛಾಯಾಚಿತ್ರದಲ್ಲಿನ ಮುಖಗಳು ಎಲ್ಲವನ್ನೂ ಮರೆಮಾಡಿದ್ದೀರೋ ಎಂದು ಈ ಹಂತದಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ. ನೈತಿಕತಾ ಸಮಿತಿಗೆ ಮುಕ್ತಾಯ ವರದಿಯನ್ನೂ ಸಲ್ಲಿಸಬೇಕು, ಹಲವರು ಅದನ್ನು ಬಿಟ್ಟುಬಿಡುತ್ತಾರೆ. ಪದವಿ ಪ್ರಮಾಣಪತ್ರ ಘಟಿಕೋತ್ಸವದಲ್ಲಿಯೇ ಸಿಗುವುದು. ಕಾಲೇಜಿನ ಸೇವಾ ಪುಸ್ತಕದಲ್ಲಿ ನಮೂದಿಸಲು ಅಲ್ಲಿಯವರೆಗೆ ಕಾಯಬೇಕಿಲ್ಲ, ತಾತ್ಕಾಲಿಕ ಪ್ರಮಾಣಪತ್ರ ಸಾಕು. ಅದಕ್ಕೆ ಬೇರೆಯೇ ಅರ್ಜಿ, ಬೇರೆಯೇ ಚಲನ್. ಅಧಿಸೂಚನೆಯ ಪ್ರತಿಗೆ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಮಾಡಿಸಿಕೊಂಡು ಹೋದರೆ ಒಂದು ಓಡಾಟ ತಪ್ಪುತ್ತದೆ.